ಮೊಟ್ಟೆಯ ಲೆಕ್ಕದಲ್ಲಿ ಮರಿ ಹೆರುವ ಜೀವಗಳು

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರದ ಬಂದರುಗಳಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತು ಮಳೆಯಲ್ಲಿ ನೆನೆಯುತ್ತವೆ. ಇದು ಮೀನು ಮೊಟ್ಟೆ ಇಡುವ ಕಾಲ, ಅವನ್ನು ಅವುಗಳ ಪಾಡಿಗೆ ಬಿಡಬೇಕು ಎಂಬುದು ಈ ರಜೆಯ ಹಿಂದಿರುವ ತಿಳಿವಳಿಕೆ. ಬಂಗುಡೆಗೂ ಬೂತಾಯಿಗೂ ಇದು ಒಪ್ಪುವ ಮಾತು. ಬೂತಾಯಿ ಹತ್ತಾರು ಸಾವಿರ ಮೊಟ್ಟೆ ಚೆಲ್ಲುತ್ತದೆ. ಬದುಕುಳಿದ ಮರಿ ವರ್ಷ ತುಂಬುವ ಹೊತ್ತಿಗೆ ತಾನೇ ಮೊಟ್ಟೆ ಇಡುವಷ್ಟು ಬೆಳೆದಿರುತ್ತದೆ. ಅಂಥ ಮೀನಿಗೆ ಎರಡು ತಿಂಗಳು ಬಿಡುವು ಕೊಟ್ಟರೆ ಕಡಲು ಮತ್ತೆ ತುಂಬಿಕೊಳ್ಳಬಲ್ಲದು.

ಅದೇ ಕಡಲಲ್ಲಿ ಮೊಟ್ಟೆಯನ್ನೇ ಇಡದ ಮೀನುಗಳೂ ಇವೆ. ನಮ್ಮ ಕಡೆ ತಾಟೆ ಎಂದು ಕರೆಯುವ ಶಾರ್ಕ್‌ಗಳು, ಚಪ್ಪಟೆ ಮೈಯ ತೊರಕೆಗಳು, ಗಿಟಾರಿನ ಆಕಾರದ ಮೀನುಗಳು, ಮೂತಿಯಲ್ಲಿ ಗರಗಸ ಹೊತ್ತ ಮೀನುಗಳು. ಈ ಇಡೀ ಬಳಗದಲ್ಲಿ ಸುಮಾರು 1,200 ಪ್ರಭೇದಗಳಿದ್ದು, ಅರ್ಧಕ್ಕಿಂತ ಹೆಚ್ಚಿನವು ಮರಿ ಹಾಕುತ್ತವೆ. ಕೆಲವಕ್ಕೆ ಬಸುರು ಒಂಬತ್ತು ತಿಂಗಳು, ಕೆಲವಕ್ಕೆ ವರ್ಷ. ತಣ್ಣೀರಿನ ಒಂದು ಜಾತಿಯ ಚಿಕ್ಕ ಶಾರ್ಕ್ ಎರಡು ವರ್ಷದವರೆಗೆ ಮರಿ ಹೊತ್ತು ತಿರುಗುತ್ತದೆ. ಇವುಗಳ ಪಾಲಿಗೆ 61 ದಿನದ ರಜೆಯೆಂದರೆ ಬಸುರಿನ ನಡುವೆ ಸಿಕ್ಕ ಚೂರು ವಿಶ್ರಾಂತಿ ಮಾತ್ರ. ಆಗಸ್ಟ್ 1ಕ್ಕೆ ಬಲೆ ಬೀಳುವಾಗಲೂ ಹಲವು ಬಸುರಿಯಾಗಿಯೇ ಇರುತ್ತವೆ. ನಮ್ಮ ನಿಯಮಗಳು ಮೊಟ್ಟೆ ಇಡುವ ಜೀವಿಗಳ ಲೆಕ್ಕ ಹಿಡಿದು ಹುಟ್ಟಿದವು. ಮರಿ ಹೆರುವ ಜೀವಿಗಳ ಲೆಕ್ಕವೇ ಬೇರೆ. ಕಡಲಲ್ಲಿ ಮಾತ್ರವಲ್ಲ, ಅಳಿವೆಯ ಕೆಸರಿನಲ್ಲಿ ನಿಂತ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ವಿಷಯದಲ್ಲೂ ಇದೇ ತಪ್ಪು ನಡೆಯುತ್ತಿದೆ ಎಂಬುದು ನನ್ನ ವಾದ.

ಕೆಲವು ವರ್ಷದ ಹಿಂದೆ ಬೆಳಗಿನ ಹರಾಜಿನ ಹೊತ್ತಿಗೆ ಮೀನು ಇಳಿಸುವ ದಕ್ಕೆಯಲ್ಲಿ ನಿಂತಿದ್ದೆ. ಒಂದು ಬುಟ್ಟಿಯಲ್ಲಿ ಮೊಳದುದ್ದದ ತಾಟೆ ಮರಿಗಳು ಇದ್ದವು. ಬೂದು ಬೆನ್ನು, ಬಿಳಿ ಹೊಟ್ಟೆ, ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ಒರಟು ಚರ್ಮ. ಮೀನು ಮಾರುವಾಕೆ ಒಂದನ್ನು ಅಂಗಾತ ಮಲಗಿಸಿ ಎದೆಯ ಎರಡು ರೆಕ್ಕೆಗಳ ನಡುವೆ ಬೆರಳಿಟ್ಟು ತೋರಿಸಿದರು. ಅಲ್ಲೊಂದು ಸಣ್ಣ ಸೀಳು, ಅಂಚು ಇನ್ನೂ ಕೆಂಪಗಿತ್ತು. "ಹೊಕ್ಕುಳು ಆರ್ಲಿಲ್ಲ ನೋಡಿ ಅಕ್ಕ, ಹುಟ್ಟಿ ಸ್ವಲ್ಪ ದಿನ ಆದದ್ದಷ್ಟೆ. ಮನೆಯಲ್ಲಿ ಬಾಣಂತಿ ಉಂಟಾ? ಇದರ ಸಾರು ಮಾಡಿ ಕೊಡಿ, ಹಾಲು ಬರ್ತದೆ," ಎಂದರು. ಹೊಕ್ಕುಳಿರುವ ಮೀನನ್ನು ನಾನು ಅದೇ ಮೊದಲ ಸಲ ನೋಡಿದ್ದು. ಆ ಸೀಳು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಹೊಕ್ಕುಳಿದೆ ಎಂದ ಮೇಲೆ ಹೊಕ್ಕುಳಬಳ್ಳಿ ಇತ್ತು, ಮಾಸು ಇತ್ತು ಎಂದರ್ಥ. ಹಲವು ಜಾತಿಯ ಶಾರ್ಕ್‌ಗಳಲ್ಲಿ ಮರಿ ಮೊದಮೊದಲು ತನ್ನ ಮೊಟ್ಟೆಯ ಹಳದಿಯನ್ನು ಉಂಡು ಬೆಳೆಯುತ್ತದೆ. ಅದು ಮುಗಿಯುತ್ತ ಬಂದಾಗ ಹಳದಿಯ ಖಾಲಿ ಚೀಲ ತಾಯಿಯ ಗರ್ಭಕೋಶದ ಗೋಡೆಗೆ ಅಂಟಿಕೊಂಡು ಮಾಸಾಗಿ ಮಾರ್ಪಡುತ್ತದೆ. ಅಲ್ಲಿಂದ ಮುಂದೆ ಅನ್ನವೂ ಉಸಿರೂ ತಾಯಿಯ ರಕ್ತದ ಮೂಲಕವೇ. ನಮ್ಮ ಕರಾವಳಿಯಲ್ಲಿ ಬಹಳವಾಗಿ ಸಿಗುವ, ಗುದ್ದಲಿಯಂತೆ ಚಪ್ಪಟೆ ಮೂತಿಯ ಸಣ್ಣ ತಾಟೆಯಂತೂ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದು. ಅದರ ಮೊಟ್ಟೆ ಒಂದು ಮಿಲಿಮೀಟರಿನಷ್ಟು ಮಾತ್ರ, ಹಳದಿ ಇಲ್ಲವೆಂದರೂ ಆದೀತು. ಮರಿ ಶುರುವಿನಿಂದಲೇ ತಾಯಿಯ ಋಣದಲ್ಲಿ ಬೆಳೆಯುತ್ತದೆ. ಬೇರೆ ಜಾತಿಗಳಲ್ಲಿ ಬೇರೆ ದಾರಿಗಳಿವೆ. ತೊರಕೆಯ ಗರ್ಭಕೋಶ ಹಾಲಿನಂಥ ಕೊಬ್ಬಿನ ದ್ರವವನ್ನು ಒಸರಿ ಮರಿಗಳಿಗೆ ಉಣಿಸುತ್ತದೆ. ಮರಳು ಹುಲಿ ಎಂದು ಹೆಸರಾದ ಶಾರ್ಕ್‌ನಲ್ಲಿ ಮೊದಲು ಬಲಿತ ಭ್ರೂಣ ಒಡಹುಟ್ಟಿದವನ್ನೇ ತಿಂದು ಬೆಳೆಯುತ್ತದೆ. ಕೊನೆಗೆ ಎರಡು ಗರ್ಭಕೋಶದಿಂದ ಎರಡೇ ಮರಿ ಹೊರಬರುತ್ತವೆ, ಒಂದೊಂದೂ ಮೀಟರಿನಷ್ಟು ಉದ್ದ.

ನಮ್ಮ ಹಿರಿಯರು ಜೀವಗಳನ್ನು ಅಂಡಜ, ಜರಾಯುಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸಿದ್ದರು. ಸೃಷ್ಟಿ ಆ ಗೆರೆಗಳನ್ನು ಅಷ್ಟಾಗಿ ಪಾಲಿಸಿಲ್ಲ. ಬೆನ್ನೆಲುಬಿನ ಪ್ರಾಣಿಗಳಲ್ಲೇ ಮರಿ ಹೆರುವ ಗುಣ ನೂರಕ್ಕೂ ಹೆಚ್ಚು ಸಲ ಬೇರೆ ಬೇರೆಯಾಗಿ ಹುಟ್ಟಿದೆ, ಅದರಲ್ಲಿ ಬಹುಪಾಲು ಹಾವು ಹಲ್ಲಿಗಳ ವಂಶದಲ್ಲಿ. ನಾಗರಹಾವು ಮೊಟ್ಟೆ ಇಡುತ್ತದೆ, ಅದೇ ಗದ್ದೆ ಬದುವಿನ ಕೊಳಕುಮಂಡಲ ಮರಿ ಹಾಕುತ್ತದೆ. ನಮ್ಮ ಬಲೆಗಳಿಗೆ ಸಿಕ್ಕಿ ಸಾಯುವ ಕಡಲ ಹಾವುಗಳೂ ನೀರಲ್ಲೇ ಮರಿ ಹೆರುತ್ತವೆ. ಚೇಳೂ ಅಷ್ಟೆ. "ಚೇಳಿಗೆ ಬಸಿರೇ ಕಡೆ" ಎಂಬ ಹಳೆಯ ಮಾತು ನಮ್ಮಲ್ಲಿದೆ, ಮರಿಗಳು ತಾಯಿಯ ಹೊಟ್ಟೆ ಬಗೆದು ಬರುತ್ತವೆ ಎಂಬ ನಂಬಿಕೆಯಿಂದ ಹುಟ್ಟಿದ ಮಾತು. ನಿಜದಲ್ಲಿ ತಾಯಿ ಚೇಳು ಸಾಯುವುದಿಲ್ಲ, ಮರಿಗಳು ಮೊದಲ ಪೊರೆ ಕಳಚುವ ತನಕ ಅವನ್ನು ಬೆನ್ನ ಮೇಲೆ ಹೊತ್ತು ಕಾಯುತ್ತದೆ. ಆದರೂ ಆ ಮಾತಿನೊಳಗೆ ಒಂದು ಅರಿವಿದೆ. ಬಸುರು ತಾಯಿಯ ಮೈಮೇಲೆ ಬೀಳುವ ದೊಡ್ಡ ಪಣ. ಮೊಟ್ಟೆ ಚೆಲ್ಲಿದ ಮೀನು ಮರುಗಳಿಗೆ ಸತ್ತರೂ ಅದರ ಸಂತತಿ ನೀರಲ್ಲಿ ಉಳಿದಿರುತ್ತದೆ. ಬಸುರಿ ತಾಟೆ ಸತ್ತರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ.

ಸುತ್ತಿಗೆ ತಲೆಯ ಶಾರ್ಕನ್ನೇ ನೋಡಿ. ಹೆಣ್ಣು ಮರಿ ಹೆರುವಷ್ಟು ಬೆಳೆಯುವ ಹೊತ್ತಿಗೆ ಎರಡು ಮೀಟರ್ ದಾಟಿರುತ್ತದೆ, ಅದಕ್ಕೆ ಹತ್ತು ವರ್ಷದ ಮೇಲೆ ಹಿಡಿಯಬಹುದು. ಬಸುರು ಒಂಬತ್ತು ಹತ್ತು ತಿಂಗಳು, ಒಂದು ಸೂಲಿಗೆ ಒಂದೆರಡು ಡಜನ್ ಮರಿ. ದೊಡ್ಡ ದೆವ್ವ ತೊರಕೆಗಳಂತೂ ವರ್ಷದಷ್ಟು ಹೊತ್ತು ಒಂದೇ ಮರಿ ಹೆರುತ್ತವೆ. ಸಣ್ಣ ಸಂತತಿ, ಚೆನ್ನಾಗಿ ಬಲಿತು ಹುಟ್ಟುವ ಮರಿ, ಹತ್ತಾರು ವರ್ಷ ಬಾಳುವ ತಾಯಿ. ದೊಡ್ಡ ತಾಟೆಗೆ ಕಡಲಲ್ಲಿ ಶತ್ರುಗಳೇ ಕಡಿಮೆ ಇದ್ದ ಕಾಲದಲ್ಲಿ ಈ ವ್ಯವಸ್ಥೆ ಕೋಟ್ಯಂತರ ವರ್ಷ ನಡೆದು ಬಂತು. ಇದು ನಿಂತಿರುವುದು ಒಂದೇ ನಂಬಿಕೆಯ ಮೇಲೆ: ದೊಡ್ಡ ಹೆಣ್ಣು ಬೇಗ ಸಾಯುವುದಿಲ್ಲ.

ಕಡಲ ತಳ ಗೋರುವ ಟ್ರಾಲ್ ಬಲೆ ಆ ನಂಬಿಕೆಯನ್ನು ಮುರಿಯಿತು. ಬಲೆಯ ಕಣ್ಣು ದೊಡ್ಡದಿರಬೇಕು, ಮರಿ ಮೀನು ನುಸುಳಿ ಪಾರಾಗಬೇಕು ಎಂದು ಮೀನುಗಾರಿಕಾ ವಿಜ್ಞಾನಿಗಳು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಟ್ರಾಲ್ ಬಲೆಯ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಇರಲಿ ಎಂಬುದು ಅವರ ಸಲಹೆ. ಬಂಗುಡೆಯ ಮರಿಗೆ ಇದರಿಂದ ಉಪಕಾರವಿದೆ. ಮೊಳದುದ್ದ ಹುಟ್ಟುವ ತಾಟೆಯ ಮರಿ ಆ ಕಣ್ಣಲ್ಲಿ ಹೇಗೆ ತೂರೀತು? ಅಗಲ ರೆಕ್ಕೆಯ ತೊರಕೆ ಮರಿ ಹೇಗೆ ತೂರೀತು? ಹುಟ್ಟಿದ ದಿನದಿಂದಲೇ ಅವು ಬಲೆಗೆ ಸಿಕ್ಕುವ ಗಾತ್ರದವು. ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಹಿಡಿ ಎಂಬ ನೀತಿ ಮೊಟ್ಟೆ ಇಡುವ ಮೀನಿಗೆ ಹೇಳಿ ಮಾಡಿಸಿದ್ದು. ತಾಟೆಯಲ್ಲಿ ಆ ದೊಡ್ಡದೇ ಹೆಚ್ಚಾಗಿ ಬಸುರಿ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಹಿಡಿದ ಬಸುರಿಯನ್ನು ಜೀವಂತ ಬಿಟ್ಟರೂ ಮರಿ ಉಳಿಯುತ್ತದೆಂಬ ಖಾತ್ರಿ ಇಲ್ಲ. ಗಾಬರಿಗೆ, ಬಲೆಯ ಒತ್ತಡಕ್ಕೆ ತೊರಕೆಗಳು ದೋಣಿಯ ಹಲಗೆಯ ಮೇಲೆಯೇ ದಿನ ತುಂಬದ ಮರಿಗಳನ್ನು ಹೊರಹಾಕಿಬಿಡುತ್ತವೆ. ಮೀನುಗಾರರೆಲ್ಲ ಕಂಡಿರುವ ದೃಶ್ಯ ಇದು. 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಕನಿಷ್ಠ 88 ಪ್ರಭೇದಗಳಲ್ಲಿ ಹೀಗಾಗುವುದನ್ನು ಗುರುತಿಸಿತು. ಸಿಕ್ಕ ಬಸುರಿಗಳಲ್ಲಿ ಸರಾಸರಿ ನಾಲ್ಕರಲ್ಲಿ ಒಂದಕ್ಕೆ ಗರ್ಭ ಜಾರುತ್ತದೆ ಎಂಬುದು ಅದರ ಅಂದಾಜು. ಹಳದಿ ಚೀಲ ಇನ್ನೂ ಹೊಟ್ಟೆಗೆ ಜೋತುಬಿದ್ದ ಮರಿಯನ್ನು ವಾಪಸು ಕಡಲಿಗೆ ಎಸೆದರೂ ಬದುಕುವುದು ಕಷ್ಟ.

ಒಟ್ಟು ಪರಿಣಾಮ ಏನು? 2021ರಲ್ಲಿ ಹೊರಬಂದ ಜಾಗತಿಕ ಮೌಲ್ಯಮಾಪನದಂತೆ ಶಾರ್ಕ್ ಮತ್ತು ತೊರಕೆ ಬಳಗದ ಮೂರನೇ ಒಂದು ಭಾಗಕ್ಕೂ ಹೆಚ್ಚು ಪ್ರಭೇದಗಳು ಅಳಿವಿನ ಭಯದಲ್ಲಿವೆ, ಎಲ್ಲಕ್ಕೂ ಮುಖ್ಯ ಕಾರಣ ಅತಿ ಮೀನುಗಾರಿಕೆ. ಅದೇ ವರ್ಷದ ಇನ್ನೊಂದು ಅಧ್ಯಯನ, ತೆರೆದ ಸಾಗರದ ಶಾರ್ಕ್ ತೊರಕೆಗಳ ಸಂಖ್ಯೆ 1970ರಿಂದೀಚೆಗೆ ಶೇ. 71ರಷ್ಟು ಕುಸಿದಿದೆ ಎಂದಿತು. ಅದೇ 2021ರಲ್ಲಿ ಮಲ್ಪೆಯ ದೋಣಿಯೊಂದರ ಬಲೆಗೆ ಗರಗಸ ಮೀನು ಬಿದ್ದು ಸುದ್ದಿಯಾಯಿತು. ಅಜ್ಜಂದಿರು ಗರಗಸ ಮೀನಿನ ಮೂತಿಯನ್ನು ಮನೆಯ ಗೋಡೆಗೆ ತೂಗುಹಾಕುತ್ತಿದ್ದ ಊರುಗಳಲ್ಲಿ ಈಗ ಒಂದು ಕಂಡರೆ ಪತ್ರಿಕೆಯಲ್ಲಿ ಬರುತ್ತದೆ.

ಕಾನೂನು ಇಲ್ಲವೆಂದಲ್ಲ. 2001ರ ಮಧ್ಯದಲ್ಲಿ ಕೇಂದ್ರ ಸರ್ಕಾರ ಇಡೀ ಬಳಗವನ್ನೇ ವನ್ಯಜೀವಿ ಕಾಯ್ದೆಯ ಪಟ್ಟಿಗೆ ಸೇರಿಸಿತು. ಮೀನುಗಾರರಿಂದ ದೊಡ್ಡ ವಿರೋಧ ಬಂದು, ಅದೇ ವರ್ಷದ ಕೊನೆಗೆ ಪಟ್ಟಿಯನ್ನು ಹತ್ತು ಪ್ರಭೇದಕ್ಕೆ ಇಳಿಸಲಾಯಿತು. 2013ರಲ್ಲಿ ಕಡಲಲ್ಲೇ ರೆಕ್ಕೆ ಕತ್ತರಿಸಿ ಮೈ ಎಸೆಯುವುದಕ್ಕೆ ತಡೆ ಬಂತು, 2015ರಲ್ಲಿ ರೆಕ್ಕೆ ರಫ್ತು ನಿಂತಿತು. 2022ರ ತಿದ್ದುಪಡಿ ಪಟ್ಟಿಯನ್ನು ಮತ್ತೆ ಹಿಗ್ಗಿಸಿತು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಎಲ್ಲವೂ ಪ್ರಭೇದದ ಹೆಸರು ಹಿಡಿದು ನಡೆಯುತ್ತವೆ. ನಾಲ್ಕು ಗಂಟೆ ತಳ ಗೋರಿ ಮೇಲೆ ಬಂದ ಬಲೆಯಲ್ಲಿ ಹೆಸರು ನೋಡಿ ಆರಿಸುವ ಹೊತ್ತಿಗೆ ಪ್ರಾಣಿ ಸತ್ತಿರುತ್ತದೆ. "ಬಲೆಗೆ ಬಸುರಿ ಯಾವುದು ಅಂತ ಗೊತ್ತಾಗ್ತದಾ ಮಾರಾಯ್ರೆ?" ಎಂದು ದೋಣಿ ನಡೆಸುವ ಒಬ್ಬ ತಾಂಡೇಲರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಡೀಸೆಲ್ ಸಾಲ ತಲೆಯ ಮೇಲಿಟ್ಟುಕೊಂಡು ಹತ್ತು ದಿನ ಕಡಲಲ್ಲಿ ಇರುವವರಿಗೆ ಪಟ್ಟಿ ತೋರಿಸಿ ಹೆದರಿಸುವುದರಿಂದ ತಾಟೆ ಉಳಿಯುವುದಿಲ್ಲ.

ಹಾಗಾದರೆ ಏನು ನಡೆಯುತ್ತದೆ? ಗುಜರಾತಿನಲ್ಲಿ ನಡೆದದ್ದು ನನಗೆ ಭರವಸೆ ಕೊಡುತ್ತದೆ. ಸೌರಾಷ್ಟ್ರದ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕನ್ನು ಅದರ ಯಕೃತ್ತಿನ ಎಣ್ಣೆಗೋಸ್ಕರ ಕೊಲ್ಲುತ್ತಿದ್ದರು, ಆ ಎಣ್ಣೆ ದೋಣಿಗೆ ಬಳಿಯಲು. ಇದೂ ಮರಿ ಹೆರುವ ಮೀನು. 1995ರಲ್ಲಿ ತೈವಾನಿನ ಬಳಿ ಸಿಕ್ಕ ಒಂದು ಹೆಣ್ಣಿನ ಹೊಟ್ಟೆಯಲ್ಲಿ ಸುಮಾರು 300 ಭ್ರೂಣಗಳಿದ್ದವು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಅಲ್ಲಿ ಅಭಿಯಾನ ಶುರುಮಾಡಿದಾಗ ರಾಮಕಥೆಯ ಪ್ರವಚನಕಾರ ಮೊರಾರಿ ಬಾಪು ಮೀನುಗಾರರಿಗೆ ಹೇಳಿದ್ದು ಒಂದೇ ಮಾತು: ಇದು ಹೆರಿಗೆಗೆ ತವರಿಗೆ ಬಂದ ಮಗಳು. ಮೀನಿಗೆ ವಹಾಲಿ, ಅಂದರೆ ಪ್ರೀತಿಯವಳು, ಎಂದು ಹೆಸರಿಟ್ಟರು. ಅದನ್ನು ಬಿಡಿಸಲು ಬಲೆ ಕತ್ತರಿಸಿದರೆ ಸರ್ಕಾರ ಪರಿಹಾರ ಕೊಡುತ್ತದೆ, ಬಿಟ್ಟದ್ದಕ್ಕೆ ಸಾಕ್ಷಿಯಾಗಿ ಮೀನುಗಾರರೇ ತೆಗೆದ ಫೋಟೋ ಸಾಕು. ನೂರಾರು ಮೀನುಗಳು ಹೀಗೆ ಜೀವಂತ ವಾಪಸು ಹೋಗಿವೆ. ತವರು, ಬಸುರಿ, ಬಯಕೆ ಇವೆಲ್ಲ ಕನ್ನಡಕ್ಕೂ ಕರುಳಿನ ಮಾತುಗಳು. ಸೀಮಂತ ಮಾಡುವ ಊರಿನವರಿಗೆ ಬಸುರಿ ತೊರಕೆಯ ಮೇಲೆ ಕರುಣೆ ಬರಿಸುವುದು ಕಷ್ಟವಲ್ಲ. ಅದರ ಜೊತೆಗೆ ಹರಿದ ಬಲೆಯ ದುಡ್ಡು ತಡವಾಗದೆ ಕೈಸೇರಬೇಕು, ಅಷ್ಟೆ.

ಇಲ್ಲಿಂದ ಕೆಸರಿಗೆ ಬರೋಣ. ಗಿಡ ಮರಿ ಹಾಕುತ್ತದೆ ಎಂದರೆ ನಂಬದವರು ಅಡುಗೆಮನೆಯ ಬುಟ್ಟಿ ನೋಡಿದರೆ ಸಾಕು. ತಂದು ಮರೆತ ಸೀಮೆ ಬದನೆಕಾಯಿಯ ತುದಿ ಬಿರಿದು, ಒಳಗಿನ ಒಂದೇ ಬೀಜ ಕಾಯಲ್ಲೇ ಮೊಳೆತು, ಎಳೆ ಬಳ್ಳಿ ಹೊರಗೆ ಕೈ ಚಾಚಿರುತ್ತದೆ. ಬಳ್ಳಿಯಲ್ಲೇ ಬಿಟ್ಟರೆ ತೂಗಾಡುತ್ತಲೇ ಮೊಳೆಯುತ್ತದೆ. ಬೀಜವನ್ನು ಹೊರಗೆ ತೆಗೆದು ಒಣಗಿಸಿ ಬಿತ್ತಲು ಬರುವುದಿಲ್ಲ, ಇಡೀ ಕಾಯನ್ನೇ ನೆಡಬೇಕು. ತಾಯಿಯ ಮೈಯೇ ಕೂಸಿಗೆ ಮೊದಲ ಬುತ್ತಿ.

ಸಾಮಾನ್ಯ ಬೀಜಕ್ಕೆ ನಿದ್ದೆ ಇರುತ್ತದೆ. ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಅದನ್ನು ಮಲಗಿಸುತ್ತದೆ, ಕಾಲ ಕೂಡಿದಾಗ ಎಚ್ಚರವಾಗುತ್ತದೆ. ಆ ನಿದ್ದೆ ತಪ್ಪಿದರೆ ಏನಾಗುತ್ತದೆಂದು ನಮ್ಮ ರೈತರು 2021ರ ನವೆಂಬರ್ ಮಳೆಯಲ್ಲಿ ಕಂಡರು. ಕೊಯ್ಲಿಗೆ ಬಂದ ರಾಗಿ, ಭತ್ತ ಹೊಲದಲ್ಲೇ, ತೆನೆಯಲ್ಲೇ ಮೊಳೆತವು. ಹೆಸರು ಕಾಯಿ, ಶೇಂಗಾ ಬೆಳೆದವರಿಗೂ ಈ ಸಂಕಟ ಹೊಸದಲ್ಲ. ಬಿತ್ತಿದ್ದೆಲ್ಲ ಒಟ್ಟಿಗೆ, ಬೇಗ ಹುಟ್ಟಲಿ ಎಂದು ತಲೆಮಾರುಗಳಿಂದ ಆರಿಸುತ್ತ ಬಂದದ್ದರಿಂದ ಹಲವು ತಳಿಗಳ ಬೀಜದ ನಿದ್ದೆ ತೆಳುವಾಗಿದೆ. ಒಣಗಿದ ತಾಯಿಗಿಡಕ್ಕೆ ಆ ಮೊಳಕೆಯನ್ನು ಸಾಕುವ ಶಕ್ತಿ ಇಲ್ಲ, ಕೆಳಗೆ ನೆಲ ಸಿದ್ಧವಿಲ್ಲ. ಕಾಂಡ್ಲಾ ಗಿಡಕ್ಕೆ ಇವೆರಡೂ ಇವೆ.

ಅಳಿವೆಯ ಕಾಂಡ್ಲಾದಲ್ಲಿ ಬೀಜ ನಿದ್ದೆಯನ್ನೇ ಮಾಡುವುದಿಲ್ಲ. ಹಣ್ಣು ಕೊಂಬೆಯಲ್ಲಿರುವಾಗಲೇ ಮೊಳಕೆ ಸಿಪ್ಪೆ ಸೀಳಿ ಕೆಳಮುಖವಾಗಿ ಇಳಿಯುತ್ತದೆ. ತಿಂಗಳುಗಟ್ಟಲೆ ತೂಗಾಡುತ್ತ, ನುಗ್ಗೆಕಾಯಿಯಂತೆ ಉದ್ದವಾಗಿ, ಹಸಿರಾಗಿ, ತುದಿ ಚೂಪಾಗಿ ಬಲಿಯುತ್ತದೆ. ನಮ್ಮ ಕಡೆಯ ಒಂದು ಜಾತಿಯಲ್ಲಿ ಅದು ಅರ್ಧ ಮೀಟರ್ ದಾಟುವುದುಂಟು. ಉಪ್ಪುನೀರಿನಲ್ಲಿ ಎಳೆ ಬೀಜ ಮೊಳೆಯುವುದು ಕಷ್ಟ, ಏರುಪೇರಿನ ಕೆಸರಲ್ಲಿ ಬೇರೂರುವುದು ಇನ್ನೂ ಕಷ್ಟ. ಹಾಗಾಗಿ ತಾಯಿಮರ ಉಪ್ಪನ್ನು ತಾನು ಸೋಸಿ, ಸಪ್ಪೆಯಾದ ರಸವನ್ನು ಕೂಸಿಗೆ ಉಣಿಸಿ, ಬೇರು ಬಿಡಲು ತಯಾರಾದ ಸಸಿಯನ್ನೇ ಕೆಳಗೆ ಬಿಡುತ್ತದೆ. ಮಳೆಗಾಲದಲ್ಲಿ, ನೀರಿನ ಉಪ್ಪು ಇಳಿದ ದಿನಗಳಲ್ಲಿ, ಇವು ಕಳಚಿ ಬೀಳುತ್ತವೆ. ಇಳಿತವಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಳ್ಳಬಹುದು. ಭರತವಿದ್ದರೆ ಮೊದಲು ಅಡ್ಡಲಾಗಿ ತೇಲುತ್ತವೆ, ದಿನ ಕಳೆದಂತೆ ಬೇರಿನ ತುದಿ ಭಾರವಾಗಿ ನೆಟ್ಟಗೆ ನಿಂತು, ನೆಲ ತಾಗಿದಲ್ಲಿ ಊರಿಕೊಳ್ಳುತ್ತವೆ.

ಈ ವರವೇ ಈಗ ತೊಂದರೆಯಾಗಿದೆ. ಕಾಂಡ್ಲಾದ ಕೂಸು ತಯಾರಾಗಿ ಕೈಗೆ ಸಿಗುತ್ತದೆ. ನರ್ಸರಿ ಬೇಡ, ಬೀಜೋಪಚಾರ ಬೇಡ, ಹೆಕ್ಕಿ ತಂದು ಕೆಸರಿಗೆ ಚುಚ್ಚಿದರೆ ಆಯಿತು, ಸಾಲಾಗಿ ನಿಂತ ಹಸಿರು ಕಡ್ಡಿಗಳ ಫೋಟೋ ವರದಿಗೆ ಚೆಂದ. ಆದ್ದರಿಂದ ಜಗತ್ತಿನ ಎಲ್ಲೆಡೆ ಕಾಂಡ್ಲಾ ವನವೆಂದರೆ ಹೀಗೆ ಉದ್ದ ಮೊಳಕೆ ಬಿಡುವ ಒಂದೇ ಕುಲವನ್ನು ನೆಡುವುದು ಎಂದಾಗಿದೆ. ಅದೂ ಅಲೆ ಹೊಡೆಯುವ, ದಿನದ ಬಹುಹೊತ್ತು ನೀರಡಿ ಮುಳುಗುವ ಬಯಲಲ್ಲಿ, ಯಾಕೆಂದರೆ ಯಾರ ಹಕ್ಕೂ ಇಲ್ಲದ ಜಾಗ ಅದೇ. ಸುನಾಮಿಯ ನಂತರ ಶ್ರೀಲಂಕಾದಲ್ಲಿ ಸಾವಿರ ಹೆಕ್ಟೇರಿನ ಮೇಲೆ ನೆಟ್ಟರು. 2017ರಲ್ಲಿ ಬಂದ ಅಧ್ಯಯನ ನೋಡಿದರೆ ಉಳಿದದ್ದು ಸುಮಾರು 200 ಹೆಕ್ಟೇರ್, ಪರಿಶೀಲಿಸಿದ 23 ಜಾಗಗಳಲ್ಲಿ ಒಂಬತ್ತರಲ್ಲಿ ಒಂದು ಗಿಡವೂ ಇರಲಿಲ್ಲ. ಫಿಲಿಪ್ಪೀನ್ಸಿನ ಅನುಭವವೂ ಹೀಗೇ ಇದೆ. ತಾಯಿಮರದ ನೆರಳು, ಹದವಾದ ಏರಿಳಿತ, ಸುತ್ತ ಹೆಣೆದ ಬೇರಿನ ಆಸರೆ ಇಲ್ಲದ ಕಡೆ ಕೂಸನ್ನು ಮಾತ್ರ ಒಯ್ದು ನಿಲ್ಲಿಸಿದರು.

2021ರ ಅರಣ್ಯ ಸ್ಥಿತಿ ವರದಿಯಂತೆ ಕರ್ನಾಟಕದ ಕಾಂಡ್ಲಾ ವನ 13 ಚದರ ಕಿಲೋಮೀಟರ್, ದೇಶದ 4,992 ಚದರ ಕಿಲೋಮೀಟರಿನಲ್ಲಿ ಒಂದು ಚಿಟಿಕೆ. 2019ರ ವರದಿಯಲ್ಲಿ ಅದು 10 ಇತ್ತು, ಏರಿದ್ದು ಸಂತೋಷವೇ. 2023ರಲ್ಲಿ ಕೇಂದ್ರ ಸರ್ಕಾರ ಕಾಂಡ್ಲಾ ಬೆಳೆಸುವ ಮಿಷ್ಟಿ ಯೋಜನೆಯಲ್ಲಿ ದೇಶದಾದ್ಯಂತ 540 ಚದರ ಕಿಲೋಮೀಟರ್ ಗುರಿ ಇಟ್ಟುಕೊಂಡಿತು. ಗುರಿ ವಿಸ್ತೀರ್ಣದಲ್ಲಿ ಇರುವಾಗ ಕೆಲಸ ನೆಡುವುದರಲ್ಲೇ ಮುಗಿಯುವ ಭಯವಿದೆ.

ಅಘನಾಶಿನಿಯಲ್ಲಿ ಇದು ಜನರ ಅನ್ನದ ಪ್ರಶ್ನೆಯೂ ಹೌದು. 2024ರ ಜನವರಿಯಲ್ಲಿ 4,801 ಹೆಕ್ಟೇರಿನ ಈ ಅಳಿವೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ಇಳಿತದಲ್ಲಿ ಬಯಲಾಗುವ ಕೆಸರಿನಲ್ಲಿ ಹೆಂಗಸರು ಸೊಂಟದ ಮಟ್ಟ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಆ ಬಯಲಿಗೆ ಕಾಂಡ್ಲಾ ಚುಚ್ಚಿದರೆ ಬಳಚಿನ ನೆಲೆ ಹೋಗುತ್ತದೆ. ದಂಡೆಯ ಗಜನಿಗಳಲ್ಲಿ, ಅಂದರೆ ಕಟ್ಟು ಹಾಕಿದ ಉಪ್ಪುನೀರಿನ ಗದ್ದೆಗಳಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಕಟ್ಟು ಒಡೆದು, ನೀರು ತಡೆಯುವ ಬಾಗಿಲು ಕೆಟ್ಟು ಪಾಳುಬಿದ್ದ ಗಜನಿಗೆ ಕಾಂಡ್ಲಾ ನುಗ್ಗುವುದನ್ನು ರೈತರು ಬೇಸರದಿಂದ ನೋಡುತ್ತಾರೆ, ಅವರ ಬೇಸರ ನ್ಯಾಯವಾದದ್ದು. ಎಲ್ಲಿ ಕಾಂಡ್ಲಾ, ಎಲ್ಲಿ ಬಳಚು, ಎಲ್ಲಿ ಕಗ್ಗ ಎಂದು ಅವರ ಜೊತೆ ಕೂತು ಗುರುತಿಸಬೇಕು. ಇರುವ ಹಳೆಯ ತಾಯಿಮರಗಳ ಗುಂಪನ್ನು ರಸ್ತೆಗೂ ಜೆಟ್ಟಿಗೂ ಕೊಡದೆ, ಏರಿಳಿತದ ನೀರು ಕಟ್ಟದಂತೆ ಕಾಲುವೆ ತೆರೆದಿಟ್ಟರೆ, ಬಹಳ ಕಡೆ ನೆಡುವ ಕೆಲಸವನ್ನು ಮರವೇ ಮಾಡಿಕೊಳ್ಳುತ್ತದೆ.

ಅಳಿವೆಯ ಬಾಯಿ, ಅದರಾಚೆಯ ಆಳವಿಲ್ಲದ ನೀರು ತಾಟೆಗೂ ಬಾಣಂತನದ ಮನೆ. ದೊಡ್ಡ ಶಾರ್ಕ್‌ಗಳು ಬಾರದ, ಸಣ್ಣ ಮೀನು ಸಿಗಡಿ ಹೇರಳವಾಗಿರುವ ಇಂಥ ಕಡೆಗೆ ಹಲವು ಜಾತಿಗಳ ತಾಯಂದಿರು ಬಂದು ಹೆತ್ತು ಹೋಗುತ್ತವೆ. ಕಡಲಿಗೆಲ್ಲ ಒಂದೇ ರಜೆ ಹಾಕುವ ಬದಲು, ಮರಿ ಹೆಚ್ಚಾಗಿ ಕಾಣುವ ತಿಂಗಳಲ್ಲಿ, ಆ ಸಣ್ಣ ಜಾಗದಲ್ಲಿ ಮಾತ್ರ ಬಲೆ ಬಿಡದಿದ್ದರೆ ಮೀನುಗಾರರಿಗೆ ನಷ್ಟ ಕಡಿಮೆ, ತಾಟೆಗೆ ಲಾಭ ಹೆಚ್ಚು. ಜಾಗ ಯಾವುದು, ತಿಂಗಳು ಯಾವುದು ಎಂದು ಗೊತ್ತಾಗಬೇಕು, ಅದಕ್ಕೆ ದೊಡ್ಡ ಹಡಗೇ ಬೇಕೆಂದಿಲ್ಲ. ಹುಟ್ಟಿ ಎಷ್ಟು ದಿನವಾಯಿತೆಂದು ಹೊಕ್ಕುಳ ಸೀಳು ನೋಡಿ ಅಂದಾಜು ಹೇಳುವ ಹೆಂಗಸರು ದಕ್ಕೆಗಳಲ್ಲಿ ಇದ್ದಾರೆ. ಯಾವ ದೋಣಿ, ಎಲ್ಲಿ ಬಲೆ ಬಿಟ್ಟಿತ್ತು ಎಂಬುದೂ ಅವರಿಗೆ ಹರಾಜಿನ ಹೊತ್ತಿಗೇ ಗೊತ್ತಿರುತ್ತದೆ. ಮುಂದಿನ ಆಗಸ್ಟಿನಿಂದ ಒಂದು ವರ್ಷ, ಪ್ರತಿ ದಕ್ಕೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಅವರ ಪಕ್ಕ ಯಾರಾದರೂ ಕೂರಬೇಕು.